ಲಕ್ವಕ್ಕೆ ತಾಯತ ಮದ್ದಲ್ಲ



ಕಳೆದ ಶ್ರಾವಣದಲ್ಲಿ ಪೂಜೆಗೆ ಕುಳಿತಿದ್ದ ನಮ್ಮ ಅಣ್ಣನವರ ಎಡ ಅಂಗೈಯಿಂದ ಇಷ್ಟಲಿಂಗ ಜಾರಿತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಗಾಳಿ ಸೋಕಿದೆ ಎಂದರು ಯಾರೋ. ತಾಯತ ಕಟ್ಟಿ ಎಣ್ಣೆ ತಿಕ್ಕುವುದರಲ್ಲೇ ಮಧ್ಯಾಹ್ನವಾಯಿತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಿತ್ತು. ಆ ಹೊತ್ತು ಮೀರಿತ್ತು. ಸುಮ್ಮನೆ ನೋಡುತ್ತ ನಿಂತವರಲ್ಲಿ ನಾನೂ ಒಬ್ಬ. ಆ ಕೈ ಇಂದಿಗೂ ಲಿಂಗ ಹಿಡಿಯಲಾರದು.

ಸರ್ಕಾರಿ ಇಂಜಿನಿಯರನಾಗಿ ನೀರಿನ ಕೊಳವೆಗಳ ನಡುವೆಯೇ ದುಡಿದವನು ನಾನು. ಒತ್ತಡ ಹೆಚ್ಚಿದರೆ ಕೊಳವೆ ಒಡೆಯುತ್ತದೆ, ಒಳಗೆ ಕಸ ಕಟ್ಟಿದರೆ ನೀರು ನಿಲ್ಲುತ್ತದೆ. ಮೆದುಳಿನ ರಕ್ತನಾಳದ ಕಥೆಯೂ ಇದೇ. ಮೊದಲ ಶತ್ರು ರಕ್ತದೊತ್ತಡ. ಅದು 140/90 ಮುಟ್ಟಿದರೂ ನೋವು ಕೊಡದೆ ಒಳಗೇ ಕೆಲಸ ಮಾಡುತ್ತದೆ. ಆರಾಮಾಗಿದ್ದೇನೆಂದು ಅಣ್ಣ ಮಾತ್ರೆ ಬಿಟ್ಟಿದ್ದರು. ಸಕ್ಕರೆ ಕಾಯಿಲೆ, ಕೊಬ್ಬು, ಏರುಪೇರಾದ ಎದೆಬಡಿತ, ಬೀಡಿ, ಎಲೆಅಡಿಕೆಯ ಜೊತೆಗಿನ ತಂಬಾಕು, ಕೂತಲ್ಲೇ ಕೂರುವುದು ಉಳಿದ ಕಾರಣಗಳು.

ಸಸ್ಯಾಹಾರಿಗಳಾದ ನಮಗೇನು ಭಯ ಎನ್ನಬೇಡಿ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಉಪ್ಪು ಸಾಕು. ನಮ್ಮ ಹಪ್ಪಳ, ಉಪ್ಪಿನಕಾಯಿ ಅದನ್ನು ಸುಲಭವಾಗಿ ಮೀರಿಸುತ್ತವೆ.

ದೇಹವನ್ನೇ ದೇವಾಲಯವಾಗಿ ಕಂಡ ಪರಂಪರೆ ನಮ್ಮದು. ಮೌಢ್ಯ ಬೇಡವೆಂದು ವೇದಿಕೆಯಲ್ಲಿ ಹೇಳುವ ನಾವು ಮನೆಯಲ್ಲಿ ತಾಯತ ಕಟ್ಟಿದರೆ ಹೇಗೆ? ಪ್ರತಿ ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಬಿಪಿ ಯಂತ್ರವೊಂದಿರಲಿ. ಬಂದವರ ಒತ್ತಡ ನೋಡುವುದೂ ದಾಸೋಹವೇ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ನಾವು ಮಾಡಿದ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ.