ಹೊಸ ಕಾರಿನ ಹಸಿವು

2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ‘ರೇವಾ’ ವಿದ್ಯುತ್ ಕಾರು ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಪೇಟೆಯ ಓಡಾಟಕ್ಕೆ ಅಷ್ಟು ಸಾಲದೆ? 2020ರ ನೆಕ್ಸಾನ್‌ಗೆ 30.2 ಕಿಲೋವ್ಯಾಟ್-ಗಂಟೆಯ ಬ್ಯಾಟರಿ. 2024ರಲ್ಲಿ ಅದಕ್ಕೇ 45, ಮಹೀಂದ್ರಾದ ಬಿಇ 6ಕ್ಕೆ 79ರವರೆಗೆ. ಮಾಲೀಕರು ಸೇರಿದಲ್ಲೆಲ್ಲ ಹೊಸ ಮಾದರಿ ಎಷ್ಟು ದೂರ ಓಡೀತೆಂಬುದೇ ಚರ್ಚೆ. ವಿದ್ಯುತ್ತು ಎಲ್ಲಿಂದ ಬಂದೀತೆಂದು ಕೇಳುವವರಿಲ್ಲ. ಹೊಗೆಯುಗುಳದು, ನಿಜ, ನಾನೂ ಅಲ್ಲಗಳೆಯಲಾರೆ. ಆದರೆ ಲಿಂಗನಮಕ್ಕಿಗಾಗಿ ಊರುಗಳನ್ನೇ ಮುಳುಗಿಸಿಕೊಂಡ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೂಡಿರುವುದು ಸಂಜೆಯ ಬೇಡಿಕೆಯ ಹೆಸರಿನಲ್ಲಿಯೇ. ನೀರನ್ನು ಮೇಲೆತ್ತಲು ತಗಲುವ ವಿದ್ಯುತ್ತು ಮರಳಿ ದೊರೆಯುವುದಕ್ಕಿಂತ ಹೆಚ್ಚು! ಸಂಜೆ ಮನೆಗೆ ಬಂದೊಡನೆ ಕಾರನ್ನು ಚಾರ್ಜಿಗೆ ಹಚ್ಚುವವರು ಮಧ್ಯಾಹ್ನ ಕಚೇರಿಯಲ್ಲೇ ಹಚ್ಚಲಿ. ಬಿಸಿಲಿರುವುದು ಆಗಲೇ.