ಬೋಧಕನನ್ನು ನೋಡುವ ಬಗೆ

ತೆರೆಯ ಮೇಲೆ ಧರ್ಮಬೋಧಕನೊಬ್ಬ ಕಾಣಿಸಿಕೊಂಡ ಕೂಡಲೇ ನಾವು ಕೇಳುವುದು ಒಂದೇ ಪ್ರಶ್ನೆ: ಇದು ಧರ್ಮದ ಪರವೋ, ವಿರೋಧವೋ? ಈ ಪ್ರಶ್ನೆಯೇ ತಪ್ಪು. ಅಮೆರಿಕದ ರಾಬರ್ಟ್ ಡುವಾಲ್ ತಾನೇ ಬರೆದು, ನಿರ್ದೇಶಿಸಿ, ನಟಿಸಿದ 'ದಿ ಅಪಾಸಲ್' (1997) ನೋಡಿದವರಿಗೆ ಇದು ಅರ್ಥವಾದೀತು.

ಟೆಕ್ಸಾಸಿನ ಪೆಂಟಿಕೋಸ್ಟಲ್ ಬೋಧಕ ಸನ್ನಿ, ಹೆಂಡತಿಯೊಡನೆ ಸಂಬಂಧ ಬೆಳೆಸಿದ ಕಿರಿಯ ಬೋಧಕನ ತಲೆಗೆ ಮಕ್ಕಳ ಆಟದ ಮೈದಾನದಲ್ಲೇ ಬ್ಯಾಟಿನಿಂದ ಹೊಡೆಯುತ್ತಾನೆ. ಹೊಡೆತ ತಿಂದವನು ಮುಂದೆ ಸಾಯುತ್ತಾನೆ. ಸನ್ನಿ ಊರು, ಹೆಸರು ಎರಡನ್ನೂ ಬಿಟ್ಟು ಲೂಸಿಯಾನಾದ ಹಳ್ಳಿ ಸೇರಿ, ಹಳೆಯ ಚರ್ಚೊಂದನ್ನು ದುರಸ್ತಿ ಮಾಡಿ, ಕರಿಯರೂ ಬಿಳಿಯರೂ ಒಟ್ಟಿಗೆ ಹಾಡುವಂತೆ ಮಾಡುತ್ತಾನೆ. ಅದನ್ನು ಕೆಡವಲು ಬುಲ್ಡೋಜರ್ ತಂದವನ ಎದುರು ಬೈಬಲ್ ಇಟ್ಟು ಅವನನ್ನೇ ಮಂಡಿಯೂರಿಸುತ್ತಾನೆ. ಕೊನೆಗೆ ಜೈಲು.

ಇವನು ಕಪಟಿಯೆ? ಅಲ್ಲ. ಸಂತನೆ? ಅದೂ ಅಲ್ಲ. ಅವನ ಪ್ರಾರ್ಥನೆ ನಿಜ, ಕೊಲೆಯೂ ನಿಜ. ಗಂಡನಿಗೆ ಹೆದರಿದ ಹೆಂಡತಿಗೆ ಚಿತ್ರ ಇನ್ನಷ್ಟು ಮಾತು ಕೊಡಬೇಕಿತ್ತು ಎಂಬ ತಕರಾರು ನಮಗಿದೆ. ಆದರೂ ಅವನನ್ನು ತೊಳೆದು ಶುಭ್ರ ಮಾಡುವ ಕೆಲಸ ಇಲ್ಲಿಲ್ಲ.

ಸಿಂಕ್ಲೇರ್ ಲೂಯಿಸ್‌ನ 1927ರ ಕಾದಂಬರಿ ಆಧರಿಸಿದ 'ಎಲ್ಮರ್ ಗ್ಯಾಂಟ್ರಿ' (1960) ಬರ್ಟ್ ಲ್ಯಾಂಕಾಸ್ಟರ್‌ಗೆ ಆಸ್ಕರ್ ತಂದಿತು. ಅಲ್ಲಿಯ ಬೋಧಕ ಮೂಲತಃ ಮಾತಿನ ಮೋಡಿಯ ಮಾರಾಟಗಾರ. ಅಂಥವರಿಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಅವನನ್ನು ನೋಡಿ ಎದ್ದು ಬರುವ ಪ್ರೇಕ್ಷಕನಿಗೆ ತಾನು ಜಾಣನೆಂಬ ಸಮಾಧಾನ ಸಿಗುತ್ತದೆ. ಸನ್ನಿ ಆ ಸಮಾಧಾನವನ್ನು ಕೊಡುವುದಿಲ್ಲ.

ಕಾರಣ, ಡುವಾಲ್ ಸಾಮಗ್ರಿ ತಂದ ಬಗೆ. 1960ರ ದಶಕದ ಆರಂಭದಲ್ಲಿ ಆರ್ಕನ್ಸಾದ ಪುಟ್ಟ ಚರ್ಚೊಂದರಲ್ಲಿ ಕಂಡ ಆರಾಧನೆ ಅವನ ಮನಸ್ಸಿನಲ್ಲಿ ಕೂತಿತು. ಆಮೇಲೆ ವರ್ಷಗಟ್ಟಲೆ ಬೋಧಕರನ್ನು ಕೇಳಿಸಿಕೊಂಡ. ನಿಜವಾದ ಬೋಧಕರನ್ನೇ ಚಿತ್ರಕ್ಕೆ ಕರೆತಂದ. ಹಣ ಹಾಕುವವರು ಸಿಗದಿದ್ದಾಗ ಸ್ವಂತ ದುಡ್ಡು ಸುರಿದ.

ನಮ್ಮ ಸಿನಿಮಾ, ಕಥೆಗಳ ಮೌಲವಿಗೆ ಬಹುಪಾಲು ಇಂಥ ಭಾಗ್ಯವಿಲ್ಲ. ಗಡ್ಡ, ಸುರ್ಮಾ, ಒಂದು ಫತ್ವಾ ಸಿಕ್ಕರೆ ಪಾತ್ರ ತಯಾರು. ನಾವು ಪ್ರತಿಭಟಿಸುತ್ತೇವೆ, ಸರಿ. ಬದಲಿಗೆ ಕೇಳುವುದೇನನ್ನು? ಕಲೆಯಿಲ್ಲದ ಸಂತನನ್ನು! ನಮ್ಮೊಳಗಿನ ಲೇಖಕಿಯೊಬ್ಬಳು ಮುತವಲ್ಲಿಯ ಕಲ್ಲೆದೆಯನ್ನು ಬರೆದರೆ ಮೊದಲು ಅವಳ ಈಮಾನನ್ನೇ ತೂಗುತ್ತೇವೆ. ಬಾನು ಮುಷ್ತಾಕರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 'ಹಸೀನಾ' (2004) ಮಾಡಿದರು. ಅದನ್ನು ಸಮುದಾಯದ ಮೇಲಿನ ದೂರು ಎಂದಲ್ಲ, ಸಮುದಾಯದೊಳಗಿಂದ ಎದ್ದ ಮಾತು ಎಂದು ಓದಲು ನಾವು ಕಲಿಯಬೇಕು.

ಹೊರಗಿನವರಿಗೆ ನಾವು ಹೇಳುವುದಿಷ್ಟೇ: ಬರೆಯುವ ಮುನ್ನ ಮಸೀದಿಯ ಹಿಂದಿನ ಸಾಲಿನಲ್ಲಿ ಕೆಲವು ಶುಕ್ರವಾರ ಬಂದು ಕುಳಿತುಕೊಳ್ಳಿ. ನಮ್ಮವರಿಗೆ ಹೇಳುವುದು: ಬಂದವರಿಗೆ ಜಾಗ ಬಿಡಿ, ಅವರು ಕಂಡದ್ದನ್ನು ಬರೆದರೆ ಸಿಡಿಮಿಡಿಗೊಳ್ಳಬೇಡಿ.