ಎರಡು ನಿಮಿಷದ ನೂಡಲ್ಸ್: ಬಿಕರಿಯಾಗುತ್ತಿರುವುದು ರುಚಿಯೋ, ಹೊತ್ತೋ?

ರಾತ್ರಿ ಹತ್ತು ಗಂಟೆ. ಮೈಸೂರಿನ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳು ಒಂದೊಂದಾಗಿ ಬಾಗಿಲು ಎಳೆಯುವ ಸಮಯ. ಕೊನೆಯ ಪಾಳಿ ಮುಗಿಸಿದ ಹುಡುಗ ತಳ್ಳುಗಾಡಿಯ ಮುಂದೆ ಬಂದು ನಿಲ್ಲುತ್ತಾನೆ. "ಏನಪ್ಪಾ, ಪ್ಲೇನಾ, ಎಗ್ಗಾ?" ಗಾಡಿಯವನ ಪ್ರಶ್ನೆ. ಹುಡುಗ ಜೇಬು ಮುಟ್ಟಿ ನೋಡಿಕೊಂಡು, "ಪ್ಲೇನೇ ಕೊಡಣ್ಣ" ಎನ್ನುತ್ತಾನೆ. ಅದೇ ಗಳಿಗೆಗೆ ಕಾರಿನಿಂದಿಳಿದ ಸಂಸಾರ, "ಎರಡು ಚೀಸ್ ಮ್ಯಾಗಿ, ಖಾರ ಕಮ್ಮಿ ಇರ್ಲಿ" ಎನ್ನುತ್ತದೆ. ಪೊಟ್ಟಣ ಒಂದೇ, ಬಾಣಲೆ ಒಂದೇ. ತಟ್ಟೆ ಮಾತ್ರ ಬೇರೆ ಬೇರೆ.

ಈ ತಟ್ಟೆಗಳ ವ್ಯತ್ಯಾಸವನ್ನು ಬರೀ ನಾಲಿಗೆ ಚಪಲ ಎಂದು ತಳ್ಳಿಹಾಕುವಂತಿಲ್ಲ. ಊರಿನಲ್ಲಿ ಯಾರ ಕೈಯಲ್ಲಿ ಎಷ್ಟು ಕಾಸಿದೆ, ಯಾರಿಗೆ ಎಷ್ಟು ಪುರುಸೊತ್ತಿದೆ ಎಂಬ ಲೆಕ್ಕ ಅದರಲ್ಲಿದೆ.

ಕಂಪನಿ ಹೇಳಿದ್ದೊಂದು, ಜನ ಮಾಡಿದ್ದೊಂದು

ಮ್ಯಾಗಿ ಭಾರತದ ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನೀರು ಕುದಿಸಿ, ಪುಡಿ ಹಾಕಿ, ಎರಡು ನಿಮಿಷ ಬೇಯಿಸಿ ಎಂಬುದು ಕಂಪನಿಯ ಅಪ್ಪಣೆ. ನೀರು ಕುದಿಯಲು ಹಿಡಿಯುವ ಸಮಯ ಈ ಎರಡು ನಿಮಿಷದ ಲೆಕ್ಕಕ್ಕೆ ಸೇರಿಲ್ಲ ಎಂಬುದು ಬೇರೆ ಮಾತು!

ಜನ ಈ ಅಪ್ಪಣೆಯನ್ನು ಪಾಲಿಸಿದರೇ? ಎಲ್ಲಿಯ ಮಾತು! ಶಾವಿಗೆ ಉಪ್ಪಿಟ್ಟು ಗೊತ್ತಿದ್ದ ಮನೆಗಳಲ್ಲಿ ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆ ಬಿತ್ತು. ಹುರುಳಿಕಾಯಿ, ಕ್ಯಾರೆಟ್ಟು, ಬಟಾಣಿ ಸೇರಿದವು. ಗಾಡಿಯವರು ಮೊಟ್ಟೆ ಒಡೆದು ಹಾಕಿದರು. ಹಾಸ್ಟೆಲ್ ಹುಡುಗರು ವಾರ್ಡನ್ ಕಣ್ಣು ತಪ್ಪಿಸಿ ಕರೆಂಟ್ ಕೆಟಲ್‌ನಲ್ಲೇ ಬೇಯಿಸಿದರು. ಶಾಲೆ ಮಕ್ಕಳಂತೂ ಒಲೆಯ ಗೊಡವೆಗೇ ಹೋಗಲಿಲ್ಲ. ಪೊಟ್ಟಣದೊಳಗೇ ಪುಡಿಪುಡಿ ಮಾಡಿ, ಮಸಾಲೆ ಉದುರಿಸಿ ಕುಲುಕಿ, ಕುರುಕಲು ತಿಂಡಿಯಂತೆ ಮುಗಿಸಿದರು.

ಇದೇನೂ ಈ ಊರಿನವರ ಹೊಸ ಕಿತಾಪತಿಯಲ್ಲ. ಪಕ್ಕದ ನೇಪಾಳದಲ್ಲಿ ವಾಯ್ ವಾಯ್ ನೂಡಲ್ಸನ್ನು ಹಸಿಯಾಗಿಯೇ ಪುಡಿ ಮಾಡಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ ಬೆರೆಸಿ ಚುರುಮುರಿಯ ಹಾಗೆ ತಿನ್ನುತ್ತಾರೆ. ಇಂಡೋನೇಷ್ಯಾದ ಇಂಡೋಮಿ ಗೊರೆಂಗ್ ಆದರೆ ಬೇಯಿಸಿದ ನೀರನ್ನು ಬಸಿದು ಚೆಲ್ಲಿ, ಎಣ್ಣೆ, ಸಿಹಿ ಸೋಯಾ ಸಾಸ್, ಹುರಿದ ಈರುಳ್ಳಿ ಕಲೆಸಬೇಕು. ಕೊರಿಯಾದವರಿಗೆ ಸಾರು ಇಲ್ಲದಿದ್ದರೆ ಆಗದು. ಪಾತ್ರೆಯ ಮುಚ್ಚಳದ ಮೇಲೆ ಎಳೆ ಆರಿಸಿಕೊಂಡು ತಿನ್ನುವುದು ಅಲ್ಲಿಯ ರೂಢಿ. ಜಪಾನಿನಲ್ಲಿ ಬಟ್ಟಲಲ್ಲಿಟ್ಟ ಒಣ ನೂಡಲ್ಸ್ ಮೇಲೆ ಮೊಟ್ಟೆ ಒಡೆದು, ಬಿಸಿನೀರು ಹೊಯ್ದು, ಮೂರು ನಿಮಿಷ ಮುಚ್ಚಿಡುತ್ತಾರೆ.

ಹೊತ್ತಿಗೆ ತೆತ್ತ ಬೆಲೆ

ಈ ತಿಂಡಿ ಹುಟ್ಟಿದ್ದೂ ಜಪಾನಿನಲ್ಲೇ. ಯುದ್ಧಾನಂತರದ ಹಸಿವಿನ ದಿನಗಳನ್ನು ಕಂಡಿದ್ದ ಮೊಮೊಫುಕು ಆಂಡೊ ಎಂಬಾತ 1958ರಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಗುಟ್ಟು ಇಷ್ಟೇ: ಗೋಧಿ ಹಿಟ್ಟಿನ ಎಳೆಗಳನ್ನು ಹಬೆಯಲ್ಲಿ ಬೇಯಿಸಿ, ಎಣ್ಣೆಯಲ್ಲಿ ಕರಿಯುವುದು. ಕರಿಯುವಾಗ ಒಳಗಿನ ನೀರು ಹಾರಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಬಿಸಿನೀರು ಹಾಕಿದರೆ ಆ ತೂತುಗಳ ಮೂಲಕವೇ ಒಳನುಗ್ಗಿ ಎಳೆ ಮೆತ್ತಗಾಗುತ್ತದೆ. ಅಂದರೆ ಗಿರಾಕಿಯ ಮನೆಗೆ ಬರುವ ಹೊತ್ತಿಗೆ ಅಡುಗೆ ಮುಕ್ಕಾಲು ಮುಗಿದೇ ಇರುತ್ತದೆ.

ಆಗ ಅದರ ಬೆಲೆ 35 ಯೆನ್. ತಾಜಾ ಊಡಾನ್ ಎಳೆ ಸುಮಾರು 6 ಯೆನ್‌ಗೆ ಸಿಗುತ್ತಿತ್ತು. ಇಂದು ಬಡವನ ಊಟ ಎನಿಸಿಕೊಂಡಿರುವುದು ಅಂದು ದುಬಾರಿ ಸಾಮಾನು! ಆದರೂ ಜನ ಕೊಂಡರು. ಮಿಕ್ಕ ದುಡ್ಡು ಅವರು ತೆತ್ತಿದ್ದು ಉಳಿದ ಹೊತ್ತಿಗೆ. 1966ರಲ್ಲಿ ಆಂಡೊ ಅಮೆರಿಕಕ್ಕೆ ಹೋದಾಗ, ಅಲ್ಲಿನವರು ನೂಡಲ್ಸ್ ಮುರಿದು ಕಾಗದದ ಲೋಟಕ್ಕೆ ಹಾಕಿ, ಬಿಸಿನೀರು ಸುರಿದು ಫೋರ್ಕ್‌ನಲ್ಲಿ ತಿಂದರು. ಅದನ್ನು ನೋಡಿಯೇ 1971ರಲ್ಲಿ ಕಪ್ ನೂಡಲ್ಸ್ ತಯಾರಾಯಿತು. ತಿನ್ನುವವನೇ ಮಾಡುವವನಿಗೆ ಪಾಠ ಹೇಳಿದ ಕಥೆ ಇದು.

ನಂಜನಗೂಡಿನ ನಂಟು

ಇಷ್ಟೆಲ್ಲ ದೇಶ ಸುತ್ತಿದ ಈ ಪೊಟ್ಟಣಕ್ಕೆ ಮೈಸೂರು ಜಿಲ್ಲೆಯ ನೀರೂ ಗೊತ್ತು. ನಂಜನಗೂಡಿನಲ್ಲಿ ನೆಸ್ಲೆ ಕಾರ್ಖಾನೆ ಶುರುವಾದದ್ದು 1989ರಲ್ಲಿ. ರಸಬಾಳೆ, ಹಲ್ಲುಪುಡಿಗೆ ಹೆಸರಾದ ಊರಿನಲ್ಲಿ ಕಾಫಿಪುಡಿಯ ಜೊತೆಗೆ ಮ್ಯಾಗಿಯೂ ತಯಾರಾಗತೊಡಗಿತು.

2015ರ ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ ಮ್ಯಾಗಿಯ ಒಂಬತ್ತು ಬಗೆಗಳನ್ನೂ ವಾಪಸು ಪಡೆಯಲು ಆಜ್ಞೆ ಮಾಡಿದ್ದು ಅಂಗಡಿಯವರು ಮರೆತಿರಲಾರರು. ಸೀಸದ ಅಂಶ ಮಿತಿ ಮೀರಿದೆ, ಪೊಟ್ಟಣದ ಮೇಲಿನ ಬರಹ ದಾರಿ ತಪ್ಪಿಸುತ್ತದೆ ಎಂಬುದು ಆಪಾದನೆ. ಕಂಪನಿ ಒಪ್ಪಲಿಲ್ಲ, ಕೋರ್ಟಿಗೆ ಹೋಯಿತು. ಆಗಸ್ಟ್ 13ರಂದು ಮುಂಬಯಿ ಹೈಕೋರ್ಟು, ಸಹಜ ನ್ಯಾಯದ ನಿಯಮ ಪಾಲನೆಯಾಗಿಲ್ಲವೆಂದು ನಿಷೇಧ ರದ್ದು ಮಾಡಿ, ಮೂರು ಮಾನ್ಯ ಪ್ರಯೋಗಾಲಯಗಳಲ್ಲಿ ಪರೀಕ್ಷೆ ಆಗಲಿ ಎಂದಿತು. ಪರೀಕ್ಷೆಯಲ್ಲಿ ಪಾಸಾದ ಮೇಲೆ ಮೊದಲು ಉತ್ಪಾದನೆ ಶುರುವಾದ ಮೂರು ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದು. ನವೆಂಬರ್ 9ರಂದು ಸರಕು ಮತ್ತೆ ಅಂಗಡಿಗೆ ಬಂತು.

ಐದು ತಿಂಗಳು ಕಣ್ಮರೆಯಾಗಿದ್ದ ಸರಕನ್ನು ಜನ ಮರೆತೇಬಿಡಬಹುದಿತ್ತು. ಮರೆಯಲಿಲ್ಲ. ಇವತ್ತಿಗೂ ಅಂಗಡಿಯಲ್ಲಿ ಯಾವ ಕಂಪನಿಯ ನೂಡಲ್ಸ್ ಇದ್ದರೂ ಗಿರಾಕಿ ಕೇಳುವುದು "ಒಂದು ಮ್ಯಾಗಿ ಕೊಡಿ" ಎಂದೇ. 2023ರಲ್ಲಿ ಈ ದೇಶದಲ್ಲಿ ಖರ್ಚಾದ ದಿಢೀರ್ ನೂಡಲ್ಸ್ 860 ಕೋಟಿ ಪೊಟ್ಟಣಕ್ಕೂ ಮೇಲು. ಚೀನಾ, ಇಂಡೋನೇಷ್ಯಾ ಬಿಟ್ಟರೆ ಜಗತ್ತಿನಲ್ಲಿ ಮೂರನೇ ಸ್ಥಾನ.

ಹತ್ತು ರೂಪಾಯಿ ಊಟ ಸೋತದ್ದೇಕೆ?

ಈಗ ಬಸ್ ನಿಲ್ದಾಣದ ಹುಡುಗನ ವಿಷಯಕ್ಕೆ ಬರೋಣ. 70 ಗ್ರಾಂ ಮ್ಯಾಗಿ ಪೊಟ್ಟಣ 2022ರ ಮಾರ್ಚಿಯಲ್ಲೇ 12 ರೂಪಾಯಿಯಿಂದ 14ಕ್ಕೆ ಏರಿತ್ತು. 2025ರ ಸೆಪ್ಟೆಂಬರ್ 22ರಿಂದ ನೂಡಲ್ಸ್ ಮೇಲಿನ ಜಿಎಸ್‌ಟಿ ಶೇಕಡ 5ಕ್ಕೆ ಇಳಿದಿದೆ, ನಿಜ. ಆದರೆ ಗಾಡಿಯಲ್ಲಿ ತಿನ್ನುವವನಿಗೆ ಗ್ಯಾಸು, ಎಣ್ಣೆ, ಈರುಳ್ಳಿ, ಗಾಡಿಯವನ ಕೂಲಿ ಎಲ್ಲ ಸೇರಿಯೇ ಬೆಲೆ. ಪೊಟ್ಟಣದ ದರಕ್ಕೆ ತಟ್ಟೆ ಸಿಗುವುದಿಲ್ಲ.

ಇತ್ತ 2017ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ದರ ಇಟ್ಟರು. ಅನ್ನ ಸಾಂಬಾರಿನ ಊಟ 10 ರೂಪಾಯಿ, ಬರಿಯ ಮೈದಾ ಎಳೆಯ ಪೊಟ್ಟಣ 2022ರಲ್ಲೇ 14 ರೂಪಾಯಿ ಆಗಿತ್ತು. ಲೆಕ್ಕ ಗೊತ್ತಿದ್ದವರು ಯಾರು ನೂಡಲ್ಸ್ ತಿಂದಾರು?

ತಿನ್ನುತ್ತಾರೆ ಸ್ವಾಮಿ, ತಿನ್ನಲೇಬೇಕಾಗುತ್ತದೆ. ಕ್ಯಾಂಟೀನಿಗೆ ಹೊತ್ತುಗೊತ್ತುಂಟು. ಪಾಳಿ ಮುಗಿಸಿ ಬಸ್ಸಿಗೆ ಕಾದು, ರೂಮು ಸೇರುವವನಿಗೆ ಆ ಹೊತ್ತು ಹೊಂದುವುದಿಲ್ಲ. ರೂಮಿನಲ್ಲಿ ಅಕ್ಕಿ ತೊಳೆದು, ಬೇಳೆ ಬೇಯಿಸಿ, ಸಾರು ಮಾಡಲು ಮೈಯಲ್ಲಿ ತ್ರಾಣವಿಲ್ಲ. ಬೀದಿ ಕೊನೆಯ ಅಂಗಡಿಯಲ್ಲಿ ನೇತುಹಾಕಿದ ಪೊಟ್ಟಣ ಎಷ್ಟು ಹೊತ್ತಿಗಾದರೂ ಸಿಗುತ್ತದೆ. ನೂಡಲ್ಸ್ ಗೆಲ್ಲುತ್ತಿರುವುದು ಇಲ್ಲಿ. 1958ರಲ್ಲಿ ಜಪಾನಿನವರು ಪುರುಸೊತ್ತು ಉಳಿಸಲು ದುಡ್ಡು ಕೊಟ್ಟರು. ಇಂದು ಪುರುಸೊತ್ತೂ ಇಲ್ಲದ, ದುಡ್ಡೂ ಇಲ್ಲದ ಹುಡುಗರು ಅದನ್ನೇ ಕೊಡುತ್ತಿದ್ದಾರೆ.

ಅಮೆರಿಕದ ಜೈಲೊಂದರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ನಡೆಸಿದ ಅಧ್ಯಯನ 2016ರಲ್ಲಿ ಹೊರಬಂತು. ಕೈದಿಗಳ ಊಟದ ಪ್ರಮಾಣ, ಗುಣ ಎರಡೂ ಇಳಿದಾಗ, ಸಿಗರೇಟಿನ ಬದಲು ನೂಡಲ್ಸ್ ಪೊಟ್ಟಣವೇ ಅವರೊಳಗೆ ನಾಣ್ಯದಂತೆ ಚಲಾವಣೆಯಾಯಿತಂತೆ. ಸರಿಯಾದ ಊಟ ಕೈಗೆ ಸಿಗದ ಕಡೆ ಈ ಪೊಟ್ಟಣಕ್ಕೆ ಬೆಲೆ ಏರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪೊಟ್ಟಣದ ಬೆನ್ನು ಓದಿ

ಸಂಸಾರಸ್ಥರು ವಾರಕ್ಕೊಮ್ಮೆ ತರಕಾರಿ ಹಾಕಿ ಮಾಡಿ ತಿಂದರೆ ಯಾವ ಅನಾಹುತವೂ ಇಲ್ಲ. ಪ್ಲೇನ್ ತಟ್ಟೆಯೇ ದಿನದ ರಾತ್ರಿ ಊಟವಾದರೆ ಆಗ ತಾಪತ್ರಯ. ಅದರಲ್ಲಿರುವುದು ಮುಖ್ಯವಾಗಿ ಹಿಟ್ಟು, ಎಣ್ಣೆ, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ಪೊಟ್ಟಣದ ಹಿಂಬದಿಯಲ್ಲಿ ಸೋಡಿಯಂ ಎಂದು ಮಿಲಿಗ್ರಾಂನಲ್ಲಿ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಅದು ನೂರು ಗ್ರಾಂಗೋ, ಒಂದು ಸಲದ ಪ್ರಮಾಣಕ್ಕೋ ಎಂಬುದನ್ನೂ ನೋಡಬೇಕು. ಮಸಾಲೆ ಅರ್ಧ ಹಾಕಿ, ಒಂದು ಮೊಟ್ಟೆಯನ್ನೋ ಹಿಡಿ ತರಕಾರಿಯನ್ನೋ ಸೇರಿಸಿದರೆ ಅಷ್ಟರ ಮಟ್ಟಿಗೆ ಅದು ಊಟವಾಗುತ್ತದೆ. ಅಂಗಡಿಯವರೂ ಅಷ್ಟೇ. "ಹಳೇ ರೇಟೇ ಸಾರ್" ಎನ್ನುವ ಮುಂಚೆ ಗ್ರಾಂ ಎಷ್ಟಿದೆ ಎಂದು ಗಿರಾಕಿಗೆ ತೋರಿಸುವುದು ಮರ್ಯಾದೆ. ಬೆಲೆ ನಿಂತಲ್ಲೇ ನಿಂತು ತೂಕ ಇಳಿಯುವುದು ಈ ವ್ಯಾಪಾರದಲ್ಲಿ ಹೊಸದಲ್ಲ.

ಉಳಿದದ್ದು ಊರು ನಡೆಸುವವರ ಪಾಲಿನದು. ಬಸ್ ನಿಲ್ದಾಣದ ಹತ್ತಿರ ಒಂದು ಕ್ಯಾಂಟೀನಾದರೂ ಕೊನೆಯ ಬಸ್ಸು ಬರುವ ತನಕ ತೆರೆದಿರಲಿ. ಕಾರ್ಖಾನೆ ಪಾಳಿ ಬದಲಾಗುವ ಹೊತ್ತನ್ನು ನೋಡಿಕೊಂಡು ಅನ್ನ ಬೇಯಲಿ. ಆಗ ಆ ಹುಡುಗ ಗಾಡಿಯ ಮುಂದೆ ನಿಂತರೆ ಅದು ಆಸೆಗೆ ನಿಂತದ್ದಾಗಿರುತ್ತದೆ. "ಎಗ್ಗೇ ಹಾಕಣ್ಣ" ಎಂದರೂ ಎಂದಾನು.